ನೆಲಮಟ್ಟದ ಮೇಜು

ಕಿಟಕಿಯ ಬೆಳಕು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಿದ್ದಿತ್ತು. ಕುರ್ಚಿ ಖಾಲಿ. ಅದರ ಬೆನ್ನಿಗೆ ಒಂದು ಕೈ ಊರಿ ಹುಡುಗಿ ನಿಂತಿದ್ದಳು: ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಬಣ್ಣ ಮಾಸಿದ ಶಾಲೆಯ ಸಮವಸ್ತ್ರ, ಹಿಮ್ಮಡಿಗೆ ಅಂಟಿದ ಅದಿರಿನ ಕೆಂಪು. ಯಾರೂ ಅಲುಗಲಿಲ್ಲ. ಮೇಜಿನ ಮೇಲೆ ಮುಚ್ಚಿಟ್ಟ ನೀರಿನ ಲೋಟ ಕೂಡ ಏನನ್ನೋ ಕಾಯುವಂತಿತ್ತು.

ನ್ಯಾಯಾಧೀಶೆ ವಿಜಯಲಕ್ಷ್ಮಿ ತಲೆಯೆತ್ತಿ ನೋಡಬೇಕಾಯಿತು. ಅದೇ ಅವರಿಗೆ ಸಹಿಸಲಾಗದ ಸಂಗತಿ. ಬಳ್ಳಾರಿಯ ಕೋರ್ಟಿನಲ್ಲಿ ಅವರಿಗೆ ಎತ್ತರದ ಪೀಠ, ಕರಿಯ ಗೌನು. ವಾರಕ್ಕೊಮ್ಮೆ ಸೇರುವ ಈ ಬಾಲ ನ್ಯಾಯ ಮಂಡಳಿಯಲ್ಲಿ ಪೀಠವಿಲ್ಲ, ಗೌನಿಲ್ಲ. ಪೊಲೀಸರಿಗೆ ಖಾಕಿಯೂ ಇಲ್ಲ. ಮಕ್ಕಳು ಹೆದರಬಾರದೆಂದು ಕಾನೂನು. ನ್ಯಾಯಾಧೀಶರು ಹೆದರಬಾರದೆಂದು ಯಾವ ಕಾನೂನೂ ಇರಲಿಲ್ಲ.

"ಕೂತ್ಕೋ, ಇರ್ಫಾನಾ."

"ಬ್ಯಾಡ್ರಿ."

ಕುರುಗೋಡಿನ ರಸ್ತೆಯಲ್ಲಿ ಅವಳು ಅದಿರಿನ ಲಾರಿಗೆ ಕಲ್ಲೆಸೆದು ಗಾಜು ಒಡೆದಿದ್ದಳು. ಬೆಟ್ಟಗಳೇ ಲಾರಿ ಹತ್ತಿ ಚೀನಾಕ್ಕೆ ಹೊರಟಿದ್ದ ಕಾಲವದು.

"ಗುರಿ ಭಾಳ ಚಲೋ ಐತ್ರಿ ಮೇಡಂ," ಮಫ್ತಿಯಲ್ಲಿದ್ದ ಪೇದೆ ದುರುಗಣ್ಣ ನಕ್ಕ. "ಓಡೋ ಲಾರಿಗೆ ಒಂದೇ ಕಲ್ಲು!"

"ಒಂದಲ್ರಿ, ಎರಡು. ಮೊದಲನೇದು ತಪ್ಪಿತು."

ವಿಜಯಲಕ್ಷ್ಮಿ ತಾವೇ ಮಾಡಿಕೊಂಡ ಪದ್ಧತಿಯೊಂದಿತ್ತು. 'ತಪ್ಪಾಯ್ತು' ಎಂದ ಮಗು ಮನೆಗೆ, ಹಾಗೆನ್ನದ ಮಗು ಬಾಲಮಂದಿರಕ್ಕೆ. ಅದನ್ನು ಅವರು ಕರುಣೆ ಎಂದು ಕರೆಯುತ್ತಿದ್ದರು. ಈವರೆಗೆ ಎಲ್ಲ ಮಕ್ಕಳೂ ಅಂದಿದ್ದವು.

"ಒಂದೇ ಮಾತು. ತಪ್ಪಾಯ್ತು ಅಂದು ಮನೆಗೆ ಹೋಗು."

"ಅಂದುಬಿಡವ್ವಾ," ತಂದೆ ಲಾಲಸಾಬ್ ಹೆಗಲ ಟವೆಲು ಹಿಂಡಿದ. "ಬಾಯೇನು ಸವೀತೈತಾ?"

"ನೀ ಸುಮ್ನಿರು ಅಬ್ಬಾ. ನಮ್ಮ ತಂಗಿ ಅಸ್ಮಾನ ಕಾಲಮ್ಯಾಲ ಲಾರಿ ಹೋತಲ್ಲ, ಆ ಡ್ರೈವರ್ ತಪ್ಪಾಯ್ತು ಅಂದನೇನ್ರಿ?"

"ಆ ಲಾರಿ ಸಿಗಲಿಲ್ರಿ ಮೇಡಂ," ದುರುಗಣ್ಣ ಗಡಿಬಿಡಿಯಲ್ಲಿ ಹೇಳಿದ. "ಧೂಳು ಮುಚ್ಚಿ ನಂಬರ್ ಕಾಣಲಿಲ್ಲ."

"ನಾ ಹೊಡೆದ ಲಾರಿದು ಹೆಂಗ ಕಾಣ್ತು? ಅದೇನು ಜಳಕಾ ಮಾಡಿ ಬಂದಿತ್ತೇನ್ರಿ?"

ವಿಜಯಲಕ್ಷ್ಮಿ ನೀರಿನ ಲೋಟದ ಮುಚ್ಚಳ ಸರಿಸಿದರು. "ಆ ಕೇಸು ಬೇರೆ ಕೋರ್ಟಿಗೆ ಬರ್ತದೆ, ಮಗು."

"ಅಲ್ಲಿ ಯಾರು ಕೂಡ್ತಾರ್ರಿ?"

ಲಾರಿ ಪತ್ತೆಯಾಗಲಿಲ್ಲವೆಂಬ ಪೊಲೀಸ್ ವರದಿಗಳು ಅಲ್ಲಿ ಕಟ್ಟುಕಟ್ಟಾಗಿ ಬರುತ್ತಿದ್ದವು. ಊಟಕ್ಕೆ ಏಳುವ ಮುನ್ನ ಎಲ್ಲಕ್ಕೂ ಒಪ್ಪಿಗೆಯ ಸಹಿ ಬೀಳುತ್ತಿತ್ತು. ಅಸ್ಮಾ ಎಂಬ ಹೆಸರನ್ನು ಅವರು ನೆನಪಿನಲ್ಲಿ ತಡಕಾಡಿದರು. ಯಾವ ಹೆಸರೂ ಸಿಗಲಿಲ್ಲ.

"ನಾನೇ," ಎಂದರು.

ಹುಡುಗಿ ಅವರನ್ನು ದಿಟ್ಟಿಸಿದಳು. "ಹಂಗಾರ ಅಲ್ಲಿಗೇ ಬರ್ತೀನ್ರಿ. ಅಲ್ಲಿ ನೀವು ತಪ್ಪಾಯ್ತು ಅನ್ರಿ. ಆಮ್ಯಾಲ ಇಲ್ಲಿ ನಾ ಅಂತೀನಿ."

"ಏ ಹುಡುಗಿ!" ದುರುಗಣ್ಣ ಎದ್ದ.

ವಿಜಯಲಕ್ಷ್ಮಿ ಕೈಯೆತ್ತಿ ತಡೆದರು. ತೆರೆದ ಪೆನ್ನು ಬಾಲಮಂದಿರವೆಂದೂ ಬರೆಯಲಿಲ್ಲ, ಬಿಡುಗಡೆಯೆಂದೂ ಬರೆಯಲಿಲ್ಲ.

"ಇವತ್ತು ಮನೆಗೆ ಹೋಗು. ಮುಂದಿನ ವಾರ ನೋಡೋಣ."

ದುರುಗಣ್ಣ ಗೊಣಗುತ್ತ ಹೊರಬಿದ್ದ. ಲಾಲಸಾಬ್ ಕೈಮುಗಿಯುತ್ತಲೇ ಹಿಂದೆ ಸರಿದ. ಹುಡುಗಿ ಕೊನೆಗೆ ಹೊರಟಳು, ಕೈಮುಗಿಯಲಿಲ್ಲ.

ಹಿಂದೆ ಇದು ಬಾಲಮಂದಿರದಿಂದ ಓಡಿಹೋಗುವ ಮಕ್ಕಳನ್ನು ಕೂಡಿಹಾಕುತ್ತಿದ್ದ ಕೋಣೆ. ಪ್ರತಿ ಸಲ ಜವಾನ ಬಾಗಿಲನ್ನು ಗೋಡೆಗೆ ಒರಗಿಸಿ ತೆರೆದೇ ಇಡುತ್ತಿದ್ದುದರಿಂದ ಅದರ ಒಳಮೈಯನ್ನು ವಿಜಯಲಕ್ಷ್ಮಿ ನೋಡಿಯೇ ಇರಲಿಲ್ಲ. ಈಗ ಅದು ನಿಧಾನವಾಗಿ ಅವರತ್ತ ತಿರುಗಿತು: ಚಿಲಕವಿಲ್ಲ, ಹಿಡಿಯಿಲ್ಲ, ಮಗುವಿನ ಎದೆಯೆತ್ತರದಲ್ಲಿ ಬರೀ ಉಗುರಿನ ಗೀರುಗಳು. ಅವರೊಬ್ಬರನ್ನೇ ಒಳಗೆ ಬಿಟ್ಟು ಹುಡುಗಿಯ ಹಿಂದೆ ಬಾಗಿಲು ಮುಚ್ಚಿಕೊಂಡಿತು.