ನಾಲ್ಕು ಬೆರಳು

ಠಣ್ — ರಿಂಗಿನ ಮುಂದಿನ ಅಂಚು, ಮತ್ತೆ ಮುಂದಿನ ಅಂಚೇ, ಬಾಗಿಲಲ್ಲೇ ಬೈಸಿಕೊಂಡ ನೆಂಟರ ಹಾಗೆ ಚೆಂಡು ಹುಡುಗಿಯ ಕಾಲಬುಡಕ್ಕೇ ವಾಪಸ್ಸು ಬಂತು, ಎರಡು ಫ್ರೀ ಥ್ರೋಗಳಲ್ಲಿ ಒಂದು ಹೋಯಿತು, ಆಟದ ಹೊತ್ತು ಮುಗಿದು ಗಡಿಯಾರದಲ್ಲಿ ಸೊನ್ನೆ, ತಂಡ ಒಂದು ಪಾಯಿಂಟ್ ಹಿಂದೆ, ಇನ್ನೊಂದು ಬಿದ್ದರೆ ಸಮ, ಬೀಳದಿದ್ದರೆ — ಬೆಂಚಿನ ತುದಿಯಲ್ಲಿ ಅವಳು ವಿಸಿಲಿನ ದಾರವನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು, ಬೆರಳ ತುದಿ ನೀಲಿಗಟ್ಟಿತ್ತು, ಕೋಚ್ ಎಂದು ಕರೆದರೆ ಇವತ್ತಿಗೂ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡುವವಳು, ಗೆರೆಯ ಮೇಲೆ ನಿಂತಿರುವುದು ಕೊಕ್ಕರೆ, ಉದ್ದ ಕಾಲಿಗೆ ಹುಡುಗಿಯರೇ ಇಟ್ಟ ಹೆಸರು, ನಿದ್ದೆಯಿಂದ ಎಬ್ಬಿಸಿ ಚೆಂಡು ಕೊಟ್ಟರೂ ಹಾಕುವ ಕೈ ಅದು, ಮೊದಲು ರಿಂಗಿನ ಬುಡದಲ್ಲಿ ಒಂಟಿ ಕೈಯಲ್ಲಿ, ಬಿದ್ದರೆ ಒಂದು ಹೆಜ್ಜೆ ಹಿಂದೆ, ತಪ್ಪಿದರೆ ಮತ್ತೆ ಬುಡಕ್ಕೆ, ಹೀಗೆ ಹೆಜ್ಜೆ ಹೆಜ್ಜೆಯಾಗಿ ಅವಳೇ ತಿದ್ದಿದ ಕೈ, ಅಟ್ಟದ ಮೇಲಿನ ಡಬ್ಬಿಗೆ ಕೈ ಹಾಕಿದ ಹಾಗೆ ಬಿಡು, ಚೆಂಡು ರಿಂಗು ಮುಟ್ಟುವವರೆಗೂ ಕೈ ಇಳಿಸಬೇಡ, ಡಬ್ಬಿಯಲ್ಲಿ ಏನಿದೆ ಮಿಸ್, ಮೊದಲು ಕೈ ಹಾಕು ಆಮೇಲೆ ಹೇಳ್ತೀನಿ — ಗ್ಯಾಲರಿಯಲ್ಲಿ ಕೊಕ್ಕರೆಯ ದೊಡ್ಡಪ್ಪ, ಕೊರಳಿನ ಟೇಪನ್ನೂ ತೆಗೆಯದೆ ಹೊಲಿಗೆ ಅಂಗಡಿಯಿಂದ ಹಾಗೇ ಎದ್ದು ಬಂದವರು, ಆಟಕ್ಕೆ ಮುಂಚೆ ಬೆಂಚಿನ ಹತ್ತಿರ ಬಂದು ಹೇಳಿದ್ದರು, ನೋಡಮ್ಮಾ, ಬೇಜಾರ್ ಮಾಡ್ಕೋಬೇಡ, ಇವತ್ತು ಗೆದ್ರೆ ಆಡ್ಲಿ, ಸೋತ್ರೆ ನಾಳೆಯಿಂದ ಅಂಗಡೀಲಿ ಕೂತು ಗುಂಡಿಗೆ ಕಾಜಾ ಹೊಲೀಲಿ, ಇಲ್ಲಿ ಕುಣಿದಿದ್ದು ಸಾಕು, ಅದಕ್ಕೂ ಅವಳು ತಲೆಯಾಡಿಸಿದ್ದಳು, ಬಾಯಿ ಬರಬೇಕಾದಲ್ಲೆಲ್ಲ ಅವಳಿಗೆ ಬರುವುದು ತಲೆಯಾಡಿಸುವುದೊಂದೇ.

ಎಲ್ಲರ ಚೆಂಡೂ ಮುಂದಿನ ಅಂಚಿಗೇ ಯಾಕೆ ಬಡಿಯುತ್ತಿದೆ, ಒಬ್ಬಳದ್ದಾದರೆ ಹೆದರಿಕೆ ಎನ್ನಬಹುದು, ನಡುವಿನ ವಿರಾಮದಲ್ಲಿ ಮಂಡಿ ಬಗ್ಗಿಸಿ, ಮೊಣಕೈ ಒಳಗೆ ಎಂದು ಗದರಿಯೂ ಆಯಿತು, ನನ್ನ ಕೈಗೇನೋ ಆಗಿದೆ ಮಿಸ್ ಎಂದು ತಂಡದ ಗಿಡ್ಡಿ ಅತ್ತೂ ಆಯಿತು, ಆಟಕ್ಕೆ ಮುಂಚೆ ಕೊಕ್ಕರೆ ಎಗರಿ ಬಲೆ ಮುಟ್ಟಲು ಹೋದಳಲ್ಲ, ನಮ್ಮ ಅಂಗಳದಲ್ಲಿ ದಿನಾ ಮುಟ್ಟುವ ಬಲೆ, ಇಲ್ಲಿ ಬೆರಳಿಗೆ ಗಾಳಿ ಮಾತ್ರ ಸಿಕ್ಕಿತು, ಅಯ್ಯೋ ಮಿಸ್, ರಾತ್ರಿ ಮಲಗಿದ್ದಾಗ ಕುಗ್ಗಿಬಿಟ್ನಾ, ಹೂಂ ಕಣೇ, ಒಗೆದ ಬಟ್ಟೆ ಥರ, ಎಂದಳು ಗಿಡ್ಡಿ, ಎಲ್ಲರೂ ನಕ್ಕರು, ಬೆಂಚಿನಲ್ಲಿ ಅವಳೂ ನಕ್ಕಳು, ಗಾಳಿ — ಬಲೆ ಇರಬೇಕಾದಲ್ಲಿ ಗಾಳಿ — ರಜೆಯಲ್ಲಿ ನಮ್ಮಲ್ಲಿಗೆ ಗಾರೆಯವರು ಬಂದರು, ಬಿರುಕು ಬಿಟ್ಟ ಅಂಗಳದ ಮೇಲೇ ಹೊಸ ಕಾಂಕ್ರೀಟು ಹಾಕಿದರು, ಎಷ್ಟು ದಪ್ಪ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಕೈ ಅಡ್ಡ ಹಿಡಿದು ತೋರಿಸಿದ್ದ, ನಾಲ್ಕು ಬೆರಳು ಅಕ್ಕಾ, ಇನ್ನು ಆನೆ ಕುಣಿದ್ರೂ ಏನಾಗಲ್ಲ, ಅವಳು ತಲೆಯಾಡಿಸಿದಳು, ನೆಲ ನಾಲ್ಕು ಬೆರಳು ಮೇಲೆ ಬಂತು, ಕಂಬ ಇದ್ದಲ್ಲೇ ಇತ್ತು, ರಿಂಗೂ ಇದ್ದಲ್ಲೇ ಇತ್ತು, ದೇವರೇ, ಆಮೇಲಿನ ಅಷ್ಟು ಬೆಳಗುಗಳು, ಆ ಕೈಗಳನ್ನೆಲ್ಲ ಒಂದು ತಗ್ಗು ರಿಂಗಿಗೆ ಅಷ್ಟು ಅಚ್ಚುಕಟ್ಟಾಗಿ ತಿದ್ದಿ ಕೂರಿಸಿದವಳು ಅವಳೇ, ಮಕ್ಕಳ ಕೈಗೆ ಏನೂ ಆಗಿಲ್ಲ, ಏನೂ ಆಗಿಲ್ಲ, ಕೂಗು, ಕೊಕ್ಕರೇ ಇನ್ನೂ ಎತ್ತರಕ್ಕೆ, ರಿಂಗಿನ ಹಿಂದಿನ ಅಂಚು ನೋಡು ಎಂದು ಕೂಗು, ಕೂಗಿದರೆ ಆ ಕೈ ಯೋಚಿಸಲು ನಿಂತುಬಿಡುತ್ತದೆ, ಕೂಗದಿದ್ದರೆ ಕಾಜಾ, ಸೂಜಿ, ಉದ್ದ ಕಾಲನ್ನು ಮೆಷಿನ್ನಿನ ಕೆಳಗೆ ಮಡಚಿ ಕೂತ ಹುಡುಗಿ, ಬೆಂಚಿನಿಂದ ಎದ್ದಳು, ಬಾಯಿ ತೆರೆಯಿತು, ಅಷ್ಟರಲ್ಲಿ ರೆಫರಿ ಚೆಂಡು ಕೊಡುತ್ತಿದ್ದಾನೆ, ಹುಡುಗಿ ಚೆಂಡನ್ನು ಹೊಟ್ಟೆಗೆ ಒತ್ತಿಕೊಂಡು ಇತ್ತ ತಿರುಗುತ್ತಾಳೆ, ಹೇಗೆ ಮಿಸ್, ಎಂದಿನ ಹಾಗೇನಾ, ಕಣ್ಣಲ್ಲೇ ಕೇಳುತ್ತಾಳೆ, ಬೇಡ, ಎಂದಿನ ಹಾಗೆ ಬೇಡ ಕಣೇ — ತಲೆ ಆಗಲೇ ಆಡಿಬಿಟ್ಟಿದೆ.

ಹುಡುಗಿಯ ಮುಖ ಸಡಿಲವಾಯಿತು, ನಕ್ಕಳೇನೋ, ಮಂಡಿ ಬಗ್ಗಿತು, ಮೊಣಕೈ ಒಳಗೆ, ಎಷ್ಟು ಚೆನ್ನಾಗಿ, ಹೇಳಿಕೊಟ್ಟಿದ್ದರಲ್ಲಿ ಒಂದೂ ತಪ್ಪದೆ, ಠಣ್ — ಚೆಂಡು ನೆಲಕ್ಕೆ ಬಿದ್ದು ಗೋಡೆಯತ್ತ ಉರುಳುತ್ತಿದೆ, ಆ ಕಡೆಯ ಬೆಂಚು ಕುಣಿಯುತ್ತಿದೆ, ದೊಡ್ಡಪ್ಪ ಏಳುತ್ತಿದ್ದಾರೆ, ಗೆರೆಯ ಮೇಲೆ ಆ ಕೈ, ಅಟ್ಟದ ಡಬ್ಬಿಯೊಳಗೆ ಬಾಗಿದ ಬೆರಳುಗಳು, ಇಳಿಸಬೇಡ ಎಂದಿದ್ದಳಲ್ಲ, ಇಳಿಸು ಕಣೇ, ಸಾಕು ಇಳಿಸು, ಗಾಳಿಯಲ್ಲಿ ಆ ಕೈ, ಇನ್ನೂ, ಆ ಕೈ —