ಹಳದಿ ಕಾರಿನ ಅಂಜುಬುರುಕಿ

ನಮ್ಮ ಮನೆಯವರು ದೌಲಪ್ಪ, ಸರಕಾರಿ ಕಚೇರಿಯಲ್ಲಿ ಸಾಹೇಬರ ಡ್ರೈವರ್ ಕೆಮ್ಮಿದರೂ ಎದ್ದು ನಿಲ್ಲುತ್ತಿದ್ದ ಮನುಷ್ಯ. ಅಂಥವರು ನಿವೃತ್ತಿಯಾದ ತಿಂಗಳಲ್ಲೇ ಎರಡೇ ಸೀಟಿನ ಸ್ಪೋರ್ಟ್ಸ್ ಕಾರೊಂದನ್ನು ತಂದು ಮನೆ ಮುಂದೆ ನಿಲ್ಲಿಸಿದರು. ಹೈದರಾಬಾದಿನಲ್ಲಿ ಯಾವನೋ ಓಡಿಸಿ ಬೇಸರವಾಗಿ ಮಾರಿದ್ದು. ದಲ್ಲಾಳಿ ಶಬ್ಬೀರ್ ಹುಡುಕಿ ಕೊಟ್ಟಿದ್ದ. ಬಣ್ಣ ಹಳದಿ, ಅರಿಷಿಣ ಹಚ್ಚಿ ಕೂರಿಸಿದ ಮದುಮಗನ ಹಾಗೆ. ಪಕ್ಕದಲ್ಲಿ ನಿಂತ ಇವರು ಆ ಮದುವೆಗೆ ಕರೆಯದೇ ಬಂದವರ ಹಾಗೆ ಕಾಣುತ್ತಿದ್ದರು.

"ಅಮ್ಮಾರ, ಇದು ರಸ್ತೆ ಮ್ಯಾಗ ಓಡಂಗಿಲ್ರೀ, ಹಾರ್ತದ," ಎಂದ ಶಬ್ಬೀರ್.

ಹಾರುವ ಮಾತು ಹಾಗಿರಲಿ, ಅದರೊಳಗೆ ಕೂರುವುದೇ ಒಂದು ಕಸರತ್ತು. ಮೊದಲು ಕುಂಡೆ ಇಟ್ಟು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಒಳಗೆ ಹಾಕಿಕೊಳ್ಳಬೇಕು. ಕೂತ ಮೇಲೆ ಕಪ್ಪು ಕನ್ನಡಕ. ಅದು ಸ್ಟೈಲಿಗೆ ಕೊಂಡದ್ದಲ್ಲ, ಕಣ್ಣಿನ ಪೊರೆ ತೆಗೆಸಿದಾಗ ಆಸ್ಪತ್ರೆಯವರು ಕೊಟ್ಟದ್ದು. ದಿನಾ ಸಂಜೆ ಹಾಗೆ ಸಿಂಗಾರಗೊಂಡು ಊರ ನಡುವಿನ ಜಗತ್ ಸರ್ಕಲ್ ಸುತ್ತ ಎರಡನೇ ಗೇರಿನಲ್ಲಿ ತೆವಳುವುದು, ಚಹಾ ಅಂಗಡಿ ಮುಂದೆ ನಿಲ್ಲಿಸಿ ಬಾನೆಟ್ ಮೇಲೆ ಕೈಯಿಟ್ಟು ಫೋಟೋ ಹೊಡೆಸಿಕೊಳ್ಳುವುದು. ಮೀಟರಿನಲ್ಲಿ ಇನ್ನೂರ ಅರವತ್ತರವರೆಗೆ ಅಂಕಿ ಇವೆಯೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಮುಳ್ಳು ಮಾತ್ರ ನಲವತ್ತರ ಆಚೆ ಕಾಲಿಡಲಿಲ್ಲ. ಸೈಕಲ್ ಹುಡುಗರು ಕೈಬೀಸಿ ಮುಂದೆ ಹೋಗುತ್ತಿದ್ದರು. ಅಭಿಮಾನಿಗಳೆಂದು ತಿಳಿದು ಇವರೂ ಕೈಬೀಸುತ್ತಿದ್ದರು.

ನಿಜ ಹೇಳಬೇಕೆಂದರೆ, ಕಾರಿನ ಮೇಲೆ ನನಗೆ ಸಿಟ್ಟಿರಲಿಲ್ಲ. ಒಂದೇ ಒಂದು ಸಲ ಅದು ನನಗೂ ಬೇಕಿತ್ತು. ಕಮಲಾಪುರದ ನನ್ನ ತವರಿನಲ್ಲಿ ಇವರಿಗೆ ಎಂದೂ ಬೆಲೆ ಇರಲಿಲ್ಲ. ನನ್ನ ತಮ್ಮ ನೀಲಕಂಠ ಕೆಂಪು ಬಾಳೆಯ ತೋಟ ಮಾಡಿ ಬೆಳೆದವನು, ಅವನ ನಾಲಿಗೆ ತೋಟಕ್ಕಿಂತ ಹೆಚ್ಚು ಬೆಳೆದಿದೆ. ಒಮ್ಮೆ ನಮ್ಮ ಸ್ಕೂಟರ್ ದಾರಿಯಲ್ಲಿ ನಿಂತಾಗ ಅದನ್ನೂ ಇವರನ್ನೂ ಟ್ರಾಲಿಯಲ್ಲಿ ಹಾಕಿಕೊಂಡು ಊರ ತುಂಬ ಮೆರೆಸಿದ್ದ. ಈಗ ಅವನ ಬಸುರಿ ಮಗಳಿಗೆ ಕುಬಸ ಮಾಡುವ ದಿನ ಬಂದಿತ್ತು. ಈ ಸಲವಾದರೂ ಗಂಡನ ಪಕ್ಕದಲ್ಲಿ ತಲೆ ಎತ್ತಿ ತವರಿನ ಅಂಗಳದಲ್ಲಿ ಇಳಿಯಬೇಕು ಎಂಬುದು ನನ್ನ ಆಸೆ.

ಹೊರಟೆವು. ಊರು ದಾಟಿದರೆ ರಸ್ತೆ ಬರಿದು, ಅಗಲ, ಯಾರೂ ಇಲ್ಲ.

"ಇನ್ನರ ಒಂದೀಟು ಹೊಡೀರಿ," ಎಂದೆ.

"ಗಾಡಿ ಹೊಸದದ. ಕೈಗಿ ಹತ್ತಬೇಕಲ್ಲ."

ಹೈದರಾಬಾದಿನವನು ಓಡಿಸಿ ಬಿಟ್ಟ ಗಾಡಿ ಹೊಸದಂತೆ. ಇಳಿಜಾರು ಬಂದರೆ ಬ್ರೇಕು, ಏರು ಬಂದರೆ ಬ್ರೇಕು, ದೂರದಲ್ಲಿ ಎಮ್ಮೆ ಕಂಡರೆ ಹಾರ್ನು. ಒಂದು ಇಳಿಜಾರಿನಲ್ಲಿ ಹಿಂದಿನಿಂದ ಟ್ರಾಕ್ಟರ್ ಸದ್ದು ಕೇಳಿತು. ಟ್ರಾಲಿ ತುಂಬ ಗೊಬ್ಬರದ ಚೀಲ. ಇವರು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಕೊಟ್ಟರು. ದಾಟುವಾಗ ಟ್ರಾಕ್ಟರಿನವನು ನಮ್ಮನ್ನು ನೋಡಿ ಸಲಾಂ ಹೊಡೆದ. ನನ್ನ ತಮ್ಮನ ಆಳು ನಬಿಸಾಬ್. ನನ್ನ ಮೈಯೆಲ್ಲ ಉರಿದುಹೋಯಿತು. ಇಂಥ ಗಂಡ, ಇಂಥ ಗಾಡಿ, ಎರಡನ್ನೂ ಅಲ್ಲೇ ಬಿಟ್ಟು ನಡೆದು ಹೋಗಿಬಿಡಲೇ ಎನ್ನಿಸಿತು.

ಕಮಲಾಪುರದಲ್ಲಿ ಕುಬಸಕ್ಕೆ ಬಂದ ಮಂದಿಯೆಲ್ಲ ಕಾರನ್ನು ಮುತ್ತಿಕೊಂಡರು. ಇಳಿಯಲು ಇವರು ಪಟ್ಟ ಪಾಡನ್ನೂ ನೋಡಿದರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಯಾರೋ ಎಷ್ಟು ಓಡುತ್ತದೆ ಎಂದು ಕೇಳಿದ್ದೇ ತಡ, ಇವರ ಬಾಯಿಗೆ ಬ್ರೇಕ್ ಇಲ್ಲದಾಯಿತು.

"ಖಾಲಿ ರಸ್ತೆ ಸಿಕ್ಕರ ನೂರಾ ಇಪ್ಪತ್ತು ಹೊಡೀತೀನಿ. ಈಗ ಬರೂಮುಂದೂ ಹೊಡದೀನಿ."

ನೀಲಕಂಠ ಇದಕ್ಕೇ ಕಾಯುತ್ತಿದ್ದ. "ಹೌದೇನ್ರೀ ಮಾಮಾ? ಏ ನಬಿಸಾಬ್, ಬಾ ಇಲ್ಲಿ. ದಾರ್ಯಾಗ ನಮ್ಮ ಮಾಮಾರ ಗಾಡಿ ಕಂಡಿತ್ತೇನ?"

ನಬಿಸಾಬ್ ನನ್ನ ಮುಖ ನೋಡಿ ತಲೆ ಕೆರೆದುಕೊಂಡ. "ಕಂಡಿತ್ರೀ ಸಾವಕಾರ್ರ. ಸಾಹೇಬ್ರು ಸೈಡ್ ಕೊಟ್ರು."

"ಗೊಬ್ಬರದ ಟ್ರಾಕ್ಟರಿಗಿ ಸೈಡ್ ಕೊಟ್ರಂತ," ಎಂದ ನೀಲಕಂಠ, ಎಲ್ಲರಿಗೂ ಕೇಳುವ ಹಾಗೆ.

ಅಂಗಳವೆಲ್ಲ ನಕ್ಕಿತು. ಇವರು ಕಪ್ಪು ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸತೊಡಗಿದರು, ಒರೆಸುತ್ತಲೇ ಇದ್ದರು. ಆ ಬೋಳು ಕಣ್ಣು ನೋಡಿ ನನಗೆ ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಈ ಮನುಷ್ಯನನ್ನು ಹೀಯಾಳಿಸುವ ಹಕ್ಕು ನನ್ನದು. ಇಷ್ಟು ವರ್ಷ ರೊಟ್ಟಿ ಬಡಿದು ಹಾಕಿ ಗಳಿಸಿದ ಹಕ್ಕು. ಬಾಳೆಕಾಯಿ ಮಾರುವವನು ಯಾವ ಊರ ದೊಣ್ಣೆನಾಯಕ?

"ಸಾವಕಾಶ ಹೊಡೀರಿ ಅಂದಾಕಿ ನಾನು," ಎಂದೆ. "ಇವರು ಜೋರ್ ಹೊಡದಿದ್ರು. ನನ್ನ ಎದಿ ಡವಡವ ಅನ್ನಾಕತ್ತಿತು. ಆಣಿ ಹಾಕಿ ಸಾವಕಾಶ ಮಾಡಸೀನಿ. ಇಲ್ಲಂದ್ರ ನಿನ್ನ ಟ್ರಾಕ್ಟರಿಗಿ ನಮ್ಮ ಧೂಳಾನೂ ಕಾಣ್ತಿದ್ದಿಲ್ಲ."

"ಅಕ್ಕಾರಿಗಿ ಅಂಜಿಕೇನ್ರೀ?" ಎಂದಳು ತಮ್ಮನ ಹೆಂಡತಿ ನಾಗರತ್ನಾ, ನಂಬಲಾಗದೆ.

"ಭಾಳ ಅಂಜಿಕಿ," ಎಂದೆ.

ನೀಲಕಂಠ ನನ್ನನ್ನೇ ನೋಡಿದ. ಚಿಕ್ಕವನಿದ್ದಾಗ ಬಾವಿಗೆ ಬಿದ್ದ ಅವನನ್ನು ಹಾರಿ ಎತ್ತಿದವಳು ನಾನು. ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೆ ಬೀಗರೆದುರು ಅಕ್ಕ ಸುಳ್ಳು ಹೇಳುತ್ತಾಳೆ ಎನ್ನುವಷ್ಟು ಧೈರ್ಯ ಅವನಿಗೂ ಇರಲಿಲ್ಲ. ಎಲ್ಲರನ್ನೂ ಊಟಕ್ಕೆ ಕರೆದ.

ಸಂಜೆಗೆ ಮುಂಚೆ ವಾಪಸ್ ಹೊರಟೆವು. ಇವರು ಏನಾದರೂ ಹೇಳುತ್ತಾರೆ, ಕೊನೆಯ ಪಕ್ಷ ಉಪಕಾರವಾಯಿತು ಎನ್ನುತ್ತಾರೆ ಎಂದು ಕಾದೆ. ಊರ ಗಡಿ ದಾಟಿದ ಮೇಲೆ ಬಾಯಿ ತೆರೆದರು.

"ಮೊದಲೇ ಹೇಳಬೇಕಿಲ್ಲೇನ?"

"ಏನ್ರೀ?"

"ನಿನಗ ಅಂಜಿಕಿ ಆಗ್ತದಂತ."

ತಮಾಷೆಯೇ ಎಂದು ತಿರುಗಿ ನೋಡಿದೆ. ತಮಾಷೆಯಲ್ಲ. ಒಂದು ಹೋಳಿಗೆ ಊಟ ಮುಗಿಯುವುದರೊಳಗೆ ಈ ಮನುಷ್ಯ ನನ್ನ ಸುಳ್ಳನ್ನು ಪೂರ್ತಿ ನಂಬಿಬಿಟ್ಟಿದ್ದರು. ಸ್ಟೇರಿಂಗ್ ಬಿಟ್ಟು ಎಡಗೈಯಿಂದ ನನ್ನ ಕೈ ತಟ್ಟಿದರು.

"ಅಂಜಬ್ಯಾಡ. ನಾ ಅದೀನಲ್ಲ."

ಮದುವೆಯಾದಂದಿನಿಂದ ಈ ಮಾತು ನಾನು ಇವರ ಬಾಯಲ್ಲಿ ಕೇಳಿರಲಿಲ್ಲ. ಮನೆಗೆ ಕಳ್ಳ ಬಂದಾಗ ಬಡಿಗೆ ಹಿಡಿದವಳು ನಾನು, ಇವರ ವರ್ಗಾವಣೆ ತಪ್ಪಿಸಲು ಸಾಹೇಬರ ಮನೆ ಬಾಗಿಲಲ್ಲಿ ನಿಂತವಳೂ ನಾನೇ. ತಮಗಿಂತ ಹೆಚ್ಚು ಅಂಜುವವರು ಇವರಿಗೆ ಈ ಭೂಮಿಯ ಮೇಲೆ ಒಬ್ಬರೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದೆ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು, ಮುಖದಲ್ಲಿ ಒಂದು ಗತ್ತು ಬಂದಿತ್ತು. ನಾಳೆ ಚಹಾ ಅಂಗಡಿಯಲ್ಲಿ ಇದನ್ನೇ ಹೇಳುತ್ತಾರೆ, ಜಗತ್ತಿನವರೆಲ್ಲ ನನ್ನನ್ನು ಅಂಜುಬುರುಕಿ ಎನ್ನುತ್ತಾರೆ. ಒಂದೇ ಮಾತಿನಲ್ಲಿ ಆ ಗತ್ತನ್ನು ಇಳಿಸಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಸ್ಟೇರಿಂಗ್ ಮೇಲೆ ಇವರ ಬೆರಳು ಬಿಳಿಚಿಕೊಂಡವು.

"ಸಾವಕಾಶ ಹೊಡೀರಿ," ಎಂದೆ. "ನನಗ ಅಂಜಿಕಿ ಬರ್ತದ."

"ಅದಕ್ಕೇ ಸಾವಕಾಶ ಹೊಡ್ಯಾಕತ್ತೀನಿ," ಎಂದು ಇವರು ಲಾರಿಗೆ ದಾರಿ ಬಿಟ್ಟರು.