ಬಾಯಂಚಿಗೆ ಕತ್ತರಿ

ಮಾವನವರ ಎರಡನೇ ಪೆಟ್ಟಿಗೆ ಮೊದಲನೆಯದಕ್ಕಿಂತ ಬೇಗ ಕೈಕೊಟ್ಟಿತು. ಬೆಳಿಗ್ಗೆ ತುಂಬಿ ಬಿಸಿಲಲ್ಲಿಟ್ಟಿದ್ದ ಮಂಜುಗಡ್ಡೆ ಮಧ್ಯಾಹ್ನದ ಊಟದ ಹೊತ್ತಿಗೆ ನೀರಾಗಿತ್ತು.

"ಫೋಮ್ ಸಾಲಲಿಲ್ಲ. ಇನ್ನೂ ಸ್ವಲ್ಪ ದಪ್ಪ ಹಾಕೋಣ" ಎಂದರು ಮಾವ.

"ಹೋದ ಸಲವೂ ಅದನ್ನೇ ಹಾಕಿದ್ರಿ" ಎಂದಳು ಸೊಸೆ.

ಅವರದು ದೋಣಿ ಕಟ್ಟುವ ಶೆಡ್ಡು. ಪೆಟ್ಟಿಗೆ ಅವರಿಗೆ ಹೊಸ ಕಸುಬು. ತಂಪಿನಲ್ಲೇ ಇರಬೇಕಾದ ಔಷಧಿಗಳನ್ನು ದಿನವಿಡೀ ಹೊತ್ತು ತಿರುಗುವ ನರ್ಸ್ ಒಬ್ಬಳು, ಹಗುರವಾಗಿರಬೇಕು, ಬಿದ್ದರೂ ಒಡೆಯಬಾರದು, ಅಂಥದ್ದೊಂದು ಬೇಕೆಂದು ಬಂದಿದ್ದಳು. ಮಾವ ಬಾಯಿ ತೆರೆಯುವ ಮೊದಲೇ ಸೊಸೆ, "ಮಾಡಿಕೊಡ್ತೀವಿ" ಎಂದು ಎದೆ ತಟ್ಟಿ ಹೇಳಿದ್ದಳು. ನಡುವೆ ಫೋಮ್, ಒಳಗೂ ಹೊರಗೂ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಹಚ್ಚಿದ ಕಾರ್ಬನ್ ನೂಲಿನ ಬಟ್ಟೆ. ಕೂದಲಿಗಿಂತ ಸಣ್ಣ ಕಪ್ಪು ಎಳೆಗಳು, ಉಕ್ಕಿಗೆ ಸಡ್ಡು ಹೊಡೆಯುವ ಗಟ್ಟಿತನ. ಮುಂದಿನ ವಾರ ನರ್ಸ್ ಬರುವವಳಿದ್ದಳು. ಆಗಲೂ ಮಂಜು ಕರಗಿದರೆ ಕೆಲಸ ಬೇರೆ ಶೆಡ್ಡಿಗೆ. ಜೊತೆಗೆ, ಸೊಸೆ ಕೊಟ್ಟ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಅವಳು ನೀರು ಚೆಲ್ಲಿ ಒಳಗೋಡೆಯನ್ನು ಬೆರಳಿನಿಂದ ತಡವಿದಳು. ತಳ ಇನ್ನೂ ತಣ್ಣಗಿತ್ತು. ಮೇಲೆ, ಮುಚ್ಚಳ ಕೂರುವ ಬಾಯಂಚಿನ ಹತ್ತಿರ, ಬೆಚ್ಚಗಿತ್ತು. ಬಿಸಿಯು ಫೋಮನ್ನು ದಾಟಿ ಬಂದಿರಲಿಲ್ಲ. ಅದನ್ನು ಸುತ್ತು ಹಾಕಿಕೊಂಡು ಬಂದಿತ್ತು.

"ಮಾವ, ಇಲ್ಲಿ ಬಟ್ಟೆ ಕತ್ತರಿಸಬೇಕು."

ಮಾವನ ಹುಬ್ಬು ಗಂಟಾಯಿತು. ಆ ಶೆಡ್ಡಿನಲ್ಲಿ ಅಂಚಿನ ಹತ್ತಿರ ಕತ್ತರಿ ಸುಳಿಯುವಂತಿರಲಿಲ್ಲ. ಹೊರಮೈಯಿಂದ ಹತ್ತಿದ ಬಟ್ಟೆ ಅಂಚು ದಾಟಿ ಒಳಮೈಗೆ ಒಂದೇ ತುಂಡಾಗಿ ಇಳಿಯಬೇಕು. ಹಾಗೆ ಕಟ್ಟಿದ ದೋಣಿ ಎಂಥ ಅಲೆಗೂ ಬಾಯಿ ಬಿಡದು. ಪೆಟ್ಟಿಗೆಯನ್ನೂ ಹಾಗೆಯೇ ಕಟ್ಟಿದ್ದರು. ಎರಡನೆಯದಕ್ಕೆ ಇನ್ನೊಂದು ಪದರ ಬಟ್ಟೆಯನ್ನೂ ಸುತ್ತಿದ್ದರು.

"ನಿನ್ನ ಗಂಡ ಹುಟ್ಟೋಕೆ ಮುಂಚೆಯಿಂದ ಈ ಕೆಲಸ ಮಾಡ್ತಿದೀನಿ ನಾನು" ಎಂದರು ಕಡ್ಡಿ ಮುರಿದಂತೆ.

"ಅದಕ್ಕೇ ನಿಮ್ಮ ದೋಣಿ ಮುಳುಗಲ್ಲ ಮಾವ. ಆದ್ರೆ ದೋಣಿಯೊಳಗೆ ಯಾರೂ ಮಂಜುಗಡ್ಡೆ ಇಟ್ಟು ಕಾಯಲ್ಲ."

ಸೊಸೆ ತುಂಡುಗಳ ರಾಶಿಯಿಂದ ರೆಸಿನ್ ಒಣಗಿ ಗಟ್ಟಿಯಾಗಿದ್ದ ಹಾಳೆಯೊಂದನ್ನು ಎಳೆದಳು. ಅದರಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು. ಎಳೆಯುದ್ದಕ್ಕೆ ಒಂದು ಪಟ್ಟಿ ಕೊಯ್ದಳು, ಎಳೆಗೆ ಅಡ್ಡವಾಗಿ ಇನ್ನೊಂದು. ಅಲ್ಲೇ ಕೂತಿದ್ದ ಅತ್ತೆಯ ಕೈಯಿಂದ ಬಿಸಿನೀರಿನ ಲೋಟ ಇಸಿದುಕೊಂಡು ಎರಡನ್ನೂ ನಿಲ್ಲಿಸಿದಳು.

"ನಾನು ಕುಡಿಯೋಕೆ ಕಾಯಿಸಿದ್ದು ಕಣೇ ಅದು!"

"ಎರಡೂ ಒಂದೇ ಹಾಳೆ. ನೀರಿನ ಮೇಲೆ ಎರಡು ಬೆರಳು ಬಿಟ್ಟು ಮುಟ್ಟಿ ನೋಡಿ ಮಾವ."

ಮಾವ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದರು. ಒಂದು ಪಟ್ಟಿ ಬಿಸಿಯಾಗಿತ್ತು. ಇನ್ನೊಂದು ಏನೂ ಆಗಿಲ್ಲವೆಂಬಂತಿತ್ತು. ಪಟ್ಟಿಗಳನ್ನು ಅದಲುಬದಲು ಮಾಡಿ ಮತ್ತೆ ಮುಟ್ಟಿದರು.

"ಬಿಸಿ ಎಳೆ ಹಿಡಿದು ಓಡುತ್ತೆ. ಅಡ್ಡ ಹೋಗಬೇಕಾದ್ರೆ ಎಳೆಯಿಂದ ಎಳೆಗೆ ರೆಸಿನ್ ದಾಟಬೇಕು, ಅಲ್ಲಿ ತೆವಳುತ್ತೆ. ನಾವು ಬಿಸಿಲಿನಿಂದ ಮಂಜಿನವರೆಗೆ ಎಳೆ ಹಾಸಿಕೊಟ್ಟಿದೀವಿ. ಎರಡನೇ ಸಲ ದಾರಿ ಇನ್ನೂ ಅಗಲ ಮಾಡಿದ್ವಿ."

"ಕತ್ತರಿಸಿದ್ರೆ ಅಂಚು ಬಾಯಿ ಬಿಡುತ್ತೆ."

"ಅಲ್ಲಿ ಮಾತ್ರ ಗಾಜಿನ ನೂಲಿನ ಬಟ್ಟೆ ಹೊದಿಸೋಣ. ಅದಕ್ಕೆ ಬಿಸಿ ಸಾಗಿಸೋ ಆತುರ ಇಲ್ಲ."

"ಸಾಲದು. ಮೂಲೆ ಕೆಳಗಾಗಿ ಬಿದ್ರೆ ಸೀಳುತ್ತೆ."

ದೋಣಿಯ ಅಂಚುಗಳು ಎಲ್ಲಿ ಸೀಳುತ್ತವೆಂದು ಮಾವನಷ್ಟು ಬಲ್ಲವರಿರಲಿಲ್ಲ. ಮಾವ ತಣ್ಣನೆಯ ಪಟ್ಟಿಯನ್ನೇ ತಿರುಗಿಸಿ ನೋಡುತ್ತಿದ್ದರು.

"ಅಡ್ಡ ಹೋಗೋಕಾಗಲ್ಲ ಅಂದೆಯಲ್ಲಮ್ಮ. ಹಾಗಾದ್ರೆ ಗಾಜಿನ ಬಟ್ಟೆ ಮೇಲೆ, ಬಾಯಿ ಸುತ್ತ, ಸೊಂಟಪಟ್ಟಿ ಥರ ಕಾರ್ಬನ್ ಸುತ್ತಿದ್ರೆ? ಎಳೆ ಅಂಚಿನುದ್ದಕ್ಕೇ ಓಡುತ್ತೆ. ಒಳಗಿಳಿಯಲ್ಲ."

ಇದು ಅವಳಿಗೆ ಹೊಳೆದಿರಲಿಲ್ಲ. "ಬಿಸಿ ಸುತ್ತಿ ಸುತ್ತಿ ಸುಸ್ತಾಗಲಿ ಬಿಡಿ" ಎಂದು ನಕ್ಕಳು.

ಮೂರನೇ ಪೆಟ್ಟಿಗೆಯ ಬಟ್ಟೆಯನ್ನು ಅಂಚಿನ ಕೆಳಗೆ ಮಾವನೇ ಕತ್ತರಿಸಿದರು, ಯಾರನ್ನೂ ಹತ್ತಿರ ಬಿಡದೆ.

ನರ್ಸ್ ಬಂದ ದಿನ ಪೆಟ್ಟಿಗೆ ಬೆಳಿಗ್ಗೆಯಿಂದ ಬಿಸಿಲಲ್ಲಿತ್ತು. ಸಂಜೆ ಅವಳು ಮುಚ್ಚಳಕ್ಕೆ ಕೈ ಹಾಕುವ ಮೊದಲೇ ಮಾವ ಪೆಟ್ಟಿಗೆಯನ್ನೆತ್ತಿ, ಮೂಲೆ ಕೆಳಗಾಗಿ ನೆಲಕ್ಕೆ ಬಿಟ್ಟರು. ಆಮೇಲೆ ಅದರ ಮೇಲೆ ಹತ್ತಿ ನಿಂತರು.

"ಇಳೀರಿ! ಪೆಟ್ಟಿಗೆಗೇನೂ ಆಗಲ್ಲ, ನಿಮ್ಮ ಮೊಣಕಾಲಿನದೇ ಚಿಂತೆ" ಎಂದರು ಅತ್ತೆ.

ಅಂಚು ಬಾಯಿ ಬಿಟ್ಟಿರಲಿಲ್ಲ. ನರ್ಸ್ ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಮಂಜುಗಡ್ಡೆಗಳು ಗಡಗಡ ಸದ್ದು ಮಾಡಿದವು.

"ಇಂಥದ್ದೇ ಇನ್ನೂ ಬೇಕು. ಯಾವಾಗ ಶುರು ಮಾಡ್ತೀರಿ?"

ಸೊಸೆ ಮಾವನ ಕಡೆ ನೋಡಿದಳು. ಮಾವ ಆಗಲೇ ಗೋಡೆಯ ಮೊಳೆಯಿಂದ ಕತ್ತರಿ ತೆಗೆದು ಅಲಗಿಗೆ ಹೆಬ್ಬೆರಳು ತಾಗಿಸುತ್ತಿದ್ದರು.

"ಕಾರ್ಬನ್ ಕತ್ತರಿಸಿ ಮೊಂಡಾಗಿದೆ. ಸಾಣೆ ಹಿಡಿಸ್ಕೊಂಡು ಬರ್ತೀನಿ. ಅಷ್ಟರಲ್ಲಿ ನೀನು ಮಾತು ಕೊಟ್ಟಿರು."